ಅಪ್ಪ-ಅಮ್ಮನ ಜೊತೆ ಹೊಳೆ ದಂಡೆಯ ಕಾಡಲ್ಲಿ ಒಂದು ಸುತ್ತು: ಫೆಲ್ಟನ್, ಲಿವರ್‌ಮೋರ್, ಆಲಂ ರಾಕ್‌ಗಳಲ್ಲಿ ಯಾವುದು ಯಾರಿಗೆ?

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಊರಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಬಂದಿರುವ ಮನೆಗಳಲ್ಲಿ ಶನಿವಾರ ಬಂತೆಂದರೆ ಒಂದೇ ಮಾತು. ಎಲ್ಲಾದರೂ ಕಾಡಿನ ಕಡೆ ನಡೆಯೋಕೆ ಹೋಗೋಣ, ಆದರೆ ಬೆಟ್ಟ ಹತ್ತೋದು ಬೇಡ. ನೆರಳು ಬೇಕು, ಪಕ್ಕದಲ್ಲಿ ನೀರು ಹರಿಯುತ್ತಿದ್ದರೆ ಇನ್ನೂ ಒಳ್ಳೆಯದು, ಹೋದ ದಾರಿಯಲ್ಲೇ ವಾಪಸ್ ಬರುವುದಕ್ಕಿಂತ ಒಂದು ಸುತ್ತು ಹಾಕಿ ಕಾರಿನ ಹತ್ತಿರ ಬಂದುಬಿಟ್ಟರೆ ಚೆನ್ನ, ಶೌಚಾಲಯವಂತೂ ಇರಲೇಬೇಕು. ಇಷ್ಟೂ ಸಿಗುವ ಜಾಗ ಇದೆಯಾ? ಇದೆ. ಫೆಲ್ಟನ್‌ನ ಹೆನ್ರಿ ಕೌವೆಲ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕ್, ಲಿವರ್‌ಮೋರ್‌ನ ಸೈಕಮೋರ್ ಗ್ರೋವ್ ಪಾರ್ಕ್, ಸ್ಯಾನ್ ಹೋಸೆಯ ಆಲಂ ರಾಕ್ ಪಾರ್ಕ್. ಈ ಮೂರನ್ನು ಇಲ್ಲಿ ಅಕ್ಕಪಕ್ಕ ಇಟ್ಟು ನೋಡೋಣ.

ಯಾವುದು ಚೆಂದ ಅಂತ ಕೇಳಿದರೆ ಮೂರೂ ಚೆಂದವೇ. ಆರಿಸುವಾಗ ನೋಡಬೇಕಾದ್ದು ಮೂರು ವಿಷಯ. ಇದು ಯಾವ ತಿಂಗಳು? ಜೊತೆಗೆ ಬರುವವರ ಮಂಡಿ ಹೇಗಿದೆ? ಆ ದಾರಿಯಲ್ಲಿ ನಿಮ್ಮ ಜೊತೆ ಇನ್ನು ಯಾರು ಯಾರು ಓಡಾಡುತ್ತಾರೆ? ಕೊನೆಯದನ್ನು ಎಷ್ಟೋ ಜನ ವಿಚಾರಿಸುವುದೇ ಇಲ್ಲ. ಆದರೆ ನನ್ನ ಪ್ರಕಾರ ವಯಸ್ಸಾದವರಿಗೆ ನಡಿಗೆ ಖುಷಿ ಕೊಡುತ್ತದೋ ಗಾಬರಿ ಹುಟ್ಟಿಸುತ್ತದೋ ಅನ್ನುವುದು ಬಹುಪಾಲು ಅದರ ಮೇಲೇ ನಿಂತಿದೆ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ದಾರಿ ಹಂಚಿಕೊಳ್ಳುವ ವಿಷಯ

ಇಲ್ಲಿನ ಹೊಳೆ ದಂಡೆಯ ದಾರಿಗಳಲ್ಲಿ ಹೆಚ್ಚಿನವು ಎಲ್ಲರಿಗೂ ಸೇರಿದ್ದು. ನಡೆಯುವವರು, ಓಡುವವರು, ಸೈಕಲ್‌ನವರು, ಕುದುರೆ ಸವಾರರು, ನಾಯಿ ಹಿಡಿದವರು, ಮಗುವಿನ ಗಾಡಿ ತಳ್ಳುವವರು. ಯಾರು ಯಾರಿಗೆ ದಾರಿ ಬಿಡಬೇಕು ಅನ್ನುವ ನಿಯಮ ಸುಲಭ. ಸೈಕಲ್‌ನವರು ಎಲ್ಲರಿಗೂ ಬಿಡಬೇಕು, ನಡೆಯುವವರು ಕುದುರೆಗೆ ಬಿಡಬೇಕು. ದಾರಿ ಶುರುವಾಗುವ ಕಡೆ ಇದನ್ನು ತ್ರಿಕೋನದ ಚಿತ್ರ ಬರೆದು ಹಾಕಿರುತ್ತಾರೆ, ಗಮನಿಸಿ.

ತೊಂದರೆ ಬರುವುದು ನಿಯಮ ಗೊತ್ತಿಲ್ಲದೆ ಅಲ್ಲ, ರೂಢಿಯಿಂದ. ಇಲ್ಲಿ ಬಲಗಡೆ ನಡೆಯಬೇಕು, ಹಿಂದಿನಿಂದ ಬರುವ ಸೈಕಲ್ ನಮ್ಮ ಎಡಗಡೆಯಿಂದ ದಾಟಿಕೊಂಡು ಹೋಗುತ್ತದೆ. ಜೀವಮಾನವೆಲ್ಲ ರಸ್ತೆಯ ಎಡಗಡೆ ನಡೆದವರಿಗೆ ಹಿಂದೆ ಗಂಟೆ ಸದ್ದು ಕೇಳಿದರೆ ಕಾಲು ತಾನಾಗಿಯೇ ಎಡಕ್ಕೆ ಸರಿಯುತ್ತದೆ. ಅಂದರೆ ನೇರ ಸೈಕಲ್ಲಿಗೆ ಅಡ್ಡ! ಇದನ್ನು ಕಾರಿಂದ ಇಳಿಯುವಾಗಲೇ ಹೇಳಿಬಿಡಿ: ಗಂಟೆ ಕೇಳಿದರೆ ಎಲ್ಲೂ ಸರಿಯಬೇಡಿ, ಬಲಗಡೆಯೇ ಸುಮ್ನೆ ನಡೆಯುತ್ತಾ ಇರಿ, ಅವರು ಪಕ್ಕದಿಂದ ಹೋಗುತ್ತಾರೆ. ಕಿವಿ ಸ್ವಲ್ಪ ಮಂದ ಇರುವವರನ್ನು ಬಲಗಡೆ ಅಂಚಿಗೆ ಬಿಟ್ಟು ನೀವು ಅವರ ಎಡಕ್ಕೆ ನಡೆಯಿರಿ. ನಾಲ್ಕು ಜನ ಸಾಲಾಗಿ ಇಡೀ ದಾರಿ ತುಂಬಿಕೊಂಡು ಮಾತಾಡುತ್ತಾ ಹೋಗುವುದು ನಮ್ಮವರ ಅಭ್ಯಾಸ, ಇಬ್ಬಿಬ್ಬರಾದರೆ ಎಲ್ಲರಿಗೂ ಅನುಕೂಲ.

ಕುದುರೆ ಎದುರಾದರೆ ದಾರಿ ಬಿಟ್ಟು ನಿಲ್ಲಿ, ಇಳಿಜಾರಿದ್ದರೆ ಕೆಳಗಿನ ಬದಿಗೆ. ಕುದುರೆ ಬೆಚ್ಚಿದರೆ ಮೇಲಕ್ಕೆ ಓಡುವುದು ಜಾಸ್ತಿ, ಅದಕ್ಕೇ. ಸವಾರರಿಗೆ ಒಂದು ನಮಸ್ಕಾರವನ್ನೋ ಹಲೋವನ್ನೋ ಹೇಳಿ. ದನಿ ಕೇಳಿದಾಗ ಅದಕ್ಕೆ ಇದು ಮನುಷ್ಯ ಅಂತ ಗೊತ್ತಾಗುತ್ತದೆ. ಬಿಸಿಲಿಗೆ ಅಂತ ಅಮ್ಮ ಕೊಡೆ ತಂದಿದ್ದರೆ ಆ ಹೊತ್ತಿನಲ್ಲಿ ಫಟ್ ಅಂತ ಬಿಚ್ಚುವುದು ಬೇಡ, ಗಾಳಿಗೆ ಹಾರುವ ಸೆರಗನ್ನೂ ಸ್ವಲ್ಪ ಹಿಡಿದುಕೊಳ್ಳಲಿ.

ಈಗ ಒಂದೊಂದಾಗಿ ಜಾಗಗಳು.

ಫೆಲ್ಟನ್: ಬೇಸಿಗೆಗೆ ಇದನ್ನು ಮೀರಿಸಿದ್ದಿಲ್ಲ

ಸ್ಯಾನ್ ಹೋಸೆ ಕಡೆಯಿಂದ ಹೈವೇ 17 ಹಿಡಿದು ಸ್ಕಾಟ್ಸ್ ವ್ಯಾಲಿಯಲ್ಲಿ ಇಳಿದರೆ ಅಲ್ಲಿಂದ ಫೆಲ್ಟನ್ ಹತ್ತಿರ. ಪಾರ್ಕಿನ ಬಾಗಿಲು ಊರಿನ ದಕ್ಷಿಣಕ್ಕೆ ಹೈವೇ 9ರ ಪಕ್ಕದಲ್ಲೇ ಇದೆ. ಹೊಳೆಯ ಹೆಸರು ಸ್ಯಾನ್ ಲೊರೆಂಜೊ, ಸ್ಯಾಂಟಾ ಕ್ರೂಜ್‌ನಲ್ಲಿ ಸಮುದ್ರ ಸೇರುತ್ತದೆ.

ಇಲ್ಲಿ ಎರಡು ಸುತ್ತು ಇವೆ ಅಂದುಕೊಳ್ಳಿ. ಮೊದಲನೆಯದು ರೆಡ್‌ವುಡ್ ಗ್ರೋವ್ ಲೂಪ್, 0.8 ಮೈಲಿ, ಅಂದರೆ ಒಂದೂಕಾಲು ಕಿಲೋಮೀಟರ್‌ಗೂ ಸ್ವಲ್ಪ ಜಾಸ್ತಿ. ಪೂರ್ತಿ ಸಮತಟ್ಟು, ಗಾಲಿಕುರ್ಚಿಯೂ ಹೋಗುತ್ತದೆ. ಸೈಕಲ್ಲೂ ಇಲ್ಲ, ನಾಯಿಯೂ ಇಲ್ಲ. ಇಲ್ಲಿನ ರೆಡ್‌ವುಡ್ ಮರಗಳಲ್ಲಿ ಅತಿ ಎತ್ತರದ್ದು ಸುಮಾರು 277 ಅಡಿ, ಹಳೆಯ ಮರಗಳಿಗೆ ಸಾವಿರ ವರ್ಷ ಯಾವಾಗಲೋ ದಾಟಿದೆ. ಒಂದು ಮರದ ಬುಡ ಟೊಳ್ಳಾಗಿ ಒಳಗೆ ಕೋಣೆಯಂಥ ಜಾಗವಿದೆ, ಬಗ್ಗಿ ನುಗ್ಗಬಹುದು. 1846ರಲ್ಲಿ ಜಾನ್ ಫ್ರೀಮಾಂಟ್ ಅನ್ನುವ ಅನ್ವೇಷಕ ಅದರೊಳಗೆ ತಂಗಿದ್ದ ಅನ್ನುವ ಕಥೆ ಇದೆ, ಮರಕ್ಕೂ ಅವನದೇ ಹೆಸರು. ಮೊಮ್ಮಕ್ಕಳು ನುಗ್ಗುತ್ತಾರೆ, ಅಜ್ಜನೂ ನುಗ್ಗುತ್ತಾರೆ, ಮಂಡಿ ನೋವಿರುವವರು ಹೊರಗೆ ನಿಲ್ಲುವುದು ಒಳ್ಳೆಯದು.

ಸುತ್ತಮುತ್ತಲಿನ ಕಾಡೆಲ್ಲ ಸುಣ್ಣದ ಗೂಡಿಗೆ, ಮರದ ವ್ಯಾಪಾರಕ್ಕೆ ಉರುಳಿಹೋದಾಗ ಈ ಒಂದು ತೋಪು ಉಳಿದದ್ದಕ್ಕೆ ಕಾರಣವಿದೆ. 1867ರಲ್ಲಿ ವೆಲ್ಚ್ ಅನ್ನುವ ಕುಟುಂಬ ಇದನ್ನು ಕೊಂಡು ಪ್ರವಾಸಿಗರ ತಾಣ ಮಾಡಿತು. ಮರ ಕಡಿದು ಮಾರುವುದಕ್ಕಿಂತ ನಿಲ್ಲಿಸಿ ತೋರಿಸುವುದರಲ್ಲಿ ಅವರಿಗೆ ಲಾಭ ಕಂಡಿತು. ಸ್ಟೇಟ್ ಪಾರ್ಕ್ ಆದದ್ದು 1954ರಲ್ಲಿ, ಸುಣ್ಣದ ವ್ಯಾಪಾರಿಯಾಗಿದ್ದ ಹೆನ್ರಿ ಕೌವೆಲ್‌ನ ಮಗ ತಂದೆಯ ನೆನಪಿಗೆ ಅಂತ ಜಮೀನು ಕೊಟ್ಟ ಮೇಲೆ. ಈ ತೋಪಿನಿಂದ ಹೊರಗೆ ಬಂದು ಮುಂದೆ ನಡೆದರೆ ಕಡಿದ ದೊಡ್ಡ ಬೊಡ್ಡೆಗಳು ಕಾಣುತ್ತವೆ, ಬಾಳೆಯ ಬುಡದಲ್ಲಿ ಕಂದು ಏಳುವ ಹಾಗೆ ಅವುಗಳ ಸುತ್ತ ಹೊಸ ಮರಗಳು ಎದ್ದು ಉಂಗುರದಂತೆ ನಿಂತಿವೆ. ಅಮ್ಮನಿಗೆ ಇದನ್ನು ತೋರಿಸಿ. ಬೇರು ಸಾಯದಿದ್ದರೆ ಮರ ಮತ್ತೆ ಬರುತ್ತದೆ ಅನ್ನುವುದು ತೋಟ ಮಾಡಿದವರಿಗೆ ನೋಡಿದ ಕೂಡಲೇ ತಿಳಿಯುತ್ತದೆ.

ಎರಡನೆಯ ಸುತ್ತು ಇನ್ನೂ ನಡೆಯುವ ಹುಮ್ಮಸ್ಸು ಇರುವವರಿಗೆ. ಹೊಳೆ ಪಕ್ಕದ ರಿವರ್ ಟ್ರೇಲ್‌ನಲ್ಲಿ ಹೋಗಿ ಪೈಪ್‌ಲೈನ್ ರಸ್ತೆಯಲ್ಲಿ ವಾಪಸ್ ಬರುವುದು. ಎರಡೂ ಸ್ವಲ್ಪ ದೂರ ಅಕ್ಕಪಕ್ಕದಲ್ಲೇ ಸಾಗುತ್ತವೆ, ನಡುವೆ ಅಡ್ಡದಾರಿಗಳಿವೆ, ಹಾಗಾಗಿ ಸಾಕು ಅನಿಸಿದಲ್ಲಿ ತಿರುಗಬಹುದು. ರಿವರ್ ಟ್ರೇಲ್ ಮಣ್ಣಿನ ದಾರಿ, ಬೇರು ಎದ್ದಿರುತ್ತದೆ, ಒಂದು ಕಡೆ ರೈಲಿನ ಸೇತುವೆಯ ಕೆಳಗೆ ಹಾಯುತ್ತದೆ. ಪೈಪ್‌ಲೈನ್ ರಸ್ತೆಗೆ ಡಾಂಬರು ಇದೆ, ಸೈಕಲ್, ಹಗ್ಗ ಹಾಕಿದ ನಾಯಿ ಎಲ್ಲ ಬರುವುದು ಅಲ್ಲಿಗೇ. ಅದರ ಮೊದಲ ಭಾಗ ಆರಾಮ, ದಕ್ಷಿಣಕ್ಕೆ ಹೋದ ಹಾಗೆ ಏರು ಶುರುವಾಗುತ್ತದೆ. ಏರು ಸಿಕ್ಕಿದ ಕಡೆ ತಿರುಗಿಬಿಡಿ. ಕೆಳಗೆ ಈಜುವ ಜಾಗ ಇದೆಯಂತೆ, ಹೊಳೆ ದಾಟೋಣ ಅಂತ ಯಾರಾದರೂ ಹೇಳಿದರೂ ಮಳೆಗಾಲದಲ್ಲಿ (ಇಲ್ಲಿ ಅಂದರೆ ಚಳಿಗಾಲದಲ್ಲಿ) ಕೇಳಬೇಡಿ, ನೀರಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ.

ನೆಲವನ್ನೂ ನೋಡಿಕೊಂಡು ನಡೆಯಿರಿ. ತೇವ ಇರುವ ದಿನ ಹಳದಿ ಬಣ್ಣದ, ಗೇಣುದ್ದದವರೆಗೂ ಬೆಳೆಯುವ ಚಿಪ್ಪಿಲ್ಲದ ಬಸವನಹುಳು ದಾರಿಗೆ ಅಡ್ಡ ಮಲಗಿರುತ್ತದೆ. ಬನಾನಾ ಸ್ಲಗ್ ಅಂತ ಹೆಸರು. ಸ್ಯಾಂಟಾ ಕ್ರೂಜ್‌ನ ವಿಶ್ವವಿದ್ಯಾಲಯ ಇದನ್ನೇ ತನ್ನ ಗುರುತಾಗಿ ಇಟ್ಟುಕೊಂಡಿದೆ. ಹತ್ತಿರ ಕೂತು ನೋಡಿದರೆ ಕೊಂಬು ಒಂದೊಂದಾಗಿ ಒಳಗೆ ಎಳೆದುಕೊಂಡು ಮತ್ತೆ ನಿಧಾನಕ್ಕೆ ಹೊರಗೆ ಚಾಚುತ್ತದೆ. ತುಳಿಯಬೇಡಿ ಅಷ್ಟೆ.

ಕಷ್ಟ ಏನು? ಒಂದು, ಹೈವೇ 17ರ ತಿರುವುಗಳು. ಕಾರಿನಲ್ಲಿ ತಲೆ ಸುತ್ತುವವರನ್ನು ಮುಂದೆ ಕೂರಿಸಿ, ಹೊರಡುವ ಮುಂಚೆ ಹೊಟ್ಟೆ ತುಂಬಾ ದೋಸೆ ಬೇಡ. ಎರಡು, ಬೇಸಿಗೆಯ ವಾರಾಂತ್ಯದಲ್ಲಿ ಇಡೀ ಸಿಲಿಕಾನ್ ಕಣಿವೆಯೇ ಬೀಚಿಗೆ ಹೊರಟಿರುತ್ತದೆ, ಬೆಳಿಗ್ಗೆ ತಡಮಾಡಿದರೆ ಟ್ರಾಫಿಕ್ಕಿನಲ್ಲೇ ಅರ್ಧ ದಿನ. ಮೂರು, ಚಳಿ. ಸಮುದ್ರದ ಮಂಜು ಇಲ್ಲಿವರೆಗೂ ಬರುತ್ತದೆ, ಜುಲೈ ಬೆಳಿಗ್ಗೆಯೂ ಸ್ವೆಟರ್ ಬೇಕು. ಪಾರ್ಕಿಂಗಿಗೆ ದುಡ್ಡು ಕೊಡಬೇಕು, ಫೋನ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ, ಮ್ಯಾಪ್ ಮೊದಲೇ ಇಳಿಸಿಕೊಂಡಿರಿ. ಪಕ್ಕದಲ್ಲೇ ರೋರಿಂಗ್ ಕ್ಯಾಂಪ್‌ನ ಉಗಿ ರೈಲು ಇದೆ. ನಡಿಗೆ ಬೇಡ ಅನ್ನುವ ಹಿರಿಯರಿಗೆ ಅದೊಂದೇ ಸಾಕು ಬಂದದ್ದಕ್ಕೆ. ಹಳೆಯ ಕಲ್ಲಿದ್ದಲು ರೈಲಿನ ಕೂಗು ಕೇಳಿ ಬೆಳೆದವರು ಅವರು, ಅಲ್ವಾ.

ಲಿವರ್‌ಮೋರ್: ಚಳಿಗಾಲಕ್ಕೆ, ದೇವಸ್ಥಾನಕ್ಕೆ ಹೋದ ದಿನಕ್ಕೆ

ಸೈಕಮೋರ್ ಗ್ರೋವ್ ಬಗ್ಗೆ ನಮ್ಮವರಲ್ಲಿ ಗೊತ್ತಿರುವವರು ಕಡಿಮೆ. ಶಿವ-ವಿಷ್ಣು ದೇವಸ್ಥಾನಕ್ಕೆ ಅಂತ ಲಿವರ್‌ಮೋರ್‌ಗೆ ಎಲ್ಲರೂ ಹೋಗುತ್ತೇವೆ, ದರ್ಶನ ಮುಗಿಸಿ ಪ್ರಸಾದ ತಿಂದು ವಾಪಸ್. ಊರಿನ ದಕ್ಷಿಣ ಅಂಚಿನಲ್ಲಿ, ವೆಟ್ಮೋರ್ ರಸ್ತೆಯಲ್ಲಿ, ದ್ರಾಕ್ಷಿತೋಟಗಳ ನಡುವೆ ಈ ಪಾರ್ಕ್ ಇದೆ. ದೇವಸ್ಥಾನದಿಂದ ಕಾರಿನಲ್ಲಿ ಹೆಚ್ಚು ಹೊತ್ತಾಗುವುದಿಲ್ಲ. ಡಬ್ಲಿನ್, ಪ್ಲೆಸಂಟನ್, ಸ್ಯಾನ್ ರಮೋನ್‌ನಲ್ಲಿ ಇರುವವರಿಗಂತೂ ಪಕ್ಕದಲ್ಲೇ.

ಅರೋಯೋ ಡೆಲ್ ವ್ಯಾಲೆ ಅನ್ನುವ ತೊರೆಯ ದಂಡೆಯಲ್ಲಿ ಡಾಂಬರಿನ ಅಗಲ ದಾರಿ, ವೆಟ್ಮೋರ್ ರಸ್ತೆಯ ಬಾಗಿಲಿನಿಂದ ಆಚೆ ತುದಿಯ ವೆಟರನ್ಸ್ ಪಾರ್ಕ್ ತನಕ ಸುಮಾರು ಎರಡೂವರೆ ಮೈಲಿ. ಪೂರ್ತಿ ಹೋಗಬೇಕಿಲ್ಲ. ಡಾಂಬರು ದಾರಿಯಲ್ಲಿ ಮುಂದೆ ಹೋಗಿ, ಬದಿಯ ಮಣ್ಣಿನ ದಾರಿಯೊಂದಕ್ಕೆ ತಿರುಗಿ ವಾಪಸ್ ಬಂದರೆ ಸುತ್ತು ಆಯಿತು. ವೈನರಿ ಲೂಪ್ ಅಂತ ಒಂದಿದೆ, 19ನೇ ಶತಮಾನದ ಕೊನೆಯಲ್ಲಿ ಜೂಲಿಯಸ್ ಪಾಲ್ ಸ್ಮಿತ್ ಎಂಬಾತ ಕಟ್ಟಿಸಿದ ಒಲಿವಿನಾ ವೈನರಿಯ ಪಾಳುಗೋಡೆಗಳನ್ನು ನೋಡಿಕೊಂಡು ಬರಬಹುದು.

ಆದರೆ ನೋಡಬೇಕಾದ್ದು ಮರ. ಸೈಕಮೋರ್ ಮರದ ತೊಗಟೆ ಬಿಲ್ಲೆಬಿಲ್ಲೆಯಾಗಿ ಉದುರುತ್ತದೆ. ಮೇಲೆ ಕಂದು, ಅದರಡಿ ಬೂದು, ಅದೂ ಹೋದ ಮೇಲೆ ಕೆನೆ ಬಣ್ಣ. ಕೈಯಿಟ್ಟರೆ ನುಣ್ಣಗೆ, ತಣ್ಣಗೆ. ಎಲೆ ಅಂಗೈಗಿಂತ ದೊಡ್ಡದು, ಹಿಂಬದಿಯಲ್ಲಿ ಸಣ್ಣ ಜುಂಗು. ನವೆಂಬರ್‌ನಲ್ಲಿ ಇವೆಲ್ಲ ಹಳದಿ, ಕಂದು ಆಗಿ ದಾರಿ ತುಂಬಾ ಬಿದ್ದಿರುತ್ತವೆ, ಎಲೆಯುದುರಿದ ಕೊಂಬೆಗಳಲ್ಲಿ ಬೀಜದ ಗುಂಡುಗಳು ದಾರಕ್ಕೆ ಪೋಣಿಸಿದಂತೆ ಜೋತಾಡುತ್ತಿರುತ್ತವೆ. ಇಂಥ ಸೈಕಮೋರ್ ತೋಪು ಕ್ಯಾಲಿಫೋರ್ನಿಯಾದಲ್ಲಿ ಈಗ ಅಪರೂಪ. ಈ ಮರದ ಬೀಜ ಚೆನ್ನಾಗಿ ಹುಟ್ಟಲು ನೆರೆ ಬಂದು ಹೊಸ ಮರಳು, ಜಲ್ಲಿ ಹರಡಿಹೋಗಬೇಕು. ಮೇಲೆ ಡೆಲ್ ವ್ಯಾಲೆ ಅಣೆಕಟ್ಟು 1968ರಲ್ಲಿ ಆಯಿತು, ಆಮೇಲೆ ಮೊದಲಿನಂಥ ನೆರೆ ಇಲ್ಲ. ಇಲ್ಲಿರುವ ದೊಡ್ಡ ಮರಗಳೆಲ್ಲ ಹಳೆಯವು, ಅವುಗಳ ಜಾಗಕ್ಕೆ ಬರುವ ಸಸಿ ಕಡಿಮೆ. ಕಾವೇರಿ ಅಣೆಕಟ್ಟುಗಳನ್ನು ನೋಡಿ ಬೆಳೆದ ನಮಗೆ ಅಣೆಕಟ್ಟು ಅಂದರೆ ಗದ್ದೆ, ಕಾಲುವೆ ನೆನಪಾಗುತ್ತದೆ. ಹೊಳೆಯ ಕೆಳಗಿನ ಕಾಡಿಗೆ ಅದರಿಂದ ಏನಾಗುತ್ತದೆ ಅನ್ನುವುದು ಕಣ್ಣಿಗೆ ಕಾಣುವ ಜಾಗ ಇದು. ನನಗೆ ಇಲ್ಲಿಗೆ ಮತ್ತೆ ಮತ್ತೆ ಹೋಗಬೇಕು ಅನಿಸುವುದು ಇದೇ ಕಾರಣಕ್ಕೆ.

ಹಕ್ಕಿ ನೋಡುವವರಿಗೆ ಹಳದಿ ಕೊಕ್ಕಿನ ಮ್ಯಾಗ್‌ಪೈ ಸಿಗಬಹುದು. ಕಪ್ಪು-ಬಿಳುಪು, ಉದ್ದ ಬಾಲ. ಕ್ಯಾಲಿಫೋರ್ನಿಯಾ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ.

ಇನ್ನು ದಾರಿ ಹಂಚಿಕೊಳ್ಳುವ ವಿಷಯದಲ್ಲಿ ಮೂರರಲ್ಲಿ ಹೆಚ್ಚು ಎಚ್ಚರ ಬೇಕಾದ್ದು ಇಲ್ಲೇ. ಸೈಕಲ್, ಕುದುರೆ, ನಾಯಿ ಮೂರೂ ಬರುತ್ತವೆ. ದಾರಿ ಅಗಲವಾಗಿದೆ, ದೂರದವರೆಗೆ ಕಾಣುತ್ತದೆ, ಆದ್ದರಿಂದ ಭಯಪಡುವಂಥದ್ದಲ್ಲ. ಆದರೆ ನಾಯಿ ಕಂಡರೆ ಹೆದರುವ ಅತ್ತೆ ಜೊತೆಗಿದ್ದರೆ ಇದನ್ನು ಆರಿಸಬೇಡಿ. ಹಗ್ಗ ಹಾಕಿದ್ದರೂ ಎದುರಿಗೆ ನಾಯಿಗಳು ಬರುತ್ತಲೇ ಇರುತ್ತವೆ, ಅವರಿಗೆ ನಡಿಗೆಯ ಸುಖವೇ ಇರುವುದಿಲ್ಲ.

ಮತ್ತೆ ಬೇಸಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲಿವರ್‌ಮೋರ್‌ನಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ದಾಟುವ ದಿನಗಳಿರುತ್ತವೆ, ಅಂದರೆ ನಮ್ಮ ಲೆಕ್ಕದಲ್ಲಿ 38. ಸೈಕಮೋರ್ ನೆರಳು ದಾರಿಯುದ್ದಕ್ಕೂ ಇಲ್ಲ, ಅಲ್ಲಲ್ಲಿ ಬಯಲು. ಕಲಬುರಗಿ, ರಾಯಚೂರಿನವರು ಇದೇನು ಬಿಸಿಲು ಅಂತ ಹೇಳಬಹುದು, ಆದರೂ ಆ ತಿಂಗಳುಗಳಲ್ಲಿ ಬೆಳಿಗ್ಗೆ ಬೇಗ ಹೋಗಿ ಬೇಗ ಬಂದುಬಿಡಿ. ಬಿಸಿಲಿಗೆ ಗಿಲಕಿ ಹಾವುಗಳೂ ದಾರಿಗೆ ಬರುತ್ತವೆ. ಹುಲ್ಲಿಗೆ ಇಳಿಯದೆ ದಾರಿಯ ಮಧ್ಯ ನಡೆದರೆ ಸಾಕು.

ಆಲಂ ರಾಕ್: ಅರ್ಧ ದಿನ ಮಾತ್ರ ಇದ್ದಾಗ

ಸ್ಯಾನ್ ಹೋಸೆ, ಮಿಲ್ಪಿಟಾಸ್‌ನವರಿಗೆ ಮನೆ ಬಾಗಿಲಲ್ಲೇ ಇರುವ ಕಣಿವೆ. 1872ರಿಂದ ಪಾರ್ಕ್, ಕ್ಯಾಲಿಫೋರ್ನಿಯಾದ ಅತಿ ಹಳೆಯ ನಗರ ಉದ್ಯಾನಗಳಲ್ಲಿ ಒಂದು. ಪೆನಿಟೆನ್ಸಿಯಾ ಅನ್ನುವ ತೊರೆಯ ಪಕ್ಕದಲ್ಲೇ ಕ್ರೀಕ್ ಟ್ರೇಲ್ ಹೋಗುತ್ತದೆ. ಸಣ್ಣ ಸೇತುವೆಗಳಿವೆ, ಒಂದು ದಂಡೆಯಲ್ಲಿ ಹೋಗಿ ಇನ್ನೊಂದರಲ್ಲಿ ಬಂದರೆ ಸುತ್ತು.

ಇದರ ವಿಶೇಷ ಖನಿಜದ ಊಟೆಗಳು. ಬಂಡೆಯ ಸಂದಿಯಿಂದ ಗಂಧಕದ ನೀರು ಒಸರುತ್ತದೆ, ಅದರ ಸುತ್ತ ಹಿಂದಿನವರು ಕಲ್ಲಿನ ಗೂಡು ಕಟ್ಟಿದ್ದಾರೆ. ಒಂದು ಕಾಲಕ್ಕೆ ಸ್ನಾನದ ಮನೆ, ಈಜುಕೊಳ ಎಲ್ಲ ಇತ್ತು, ಸ್ಯಾನ್ ಹೋಸೆಯಿಂದ ಜನ ರೈಲಿನಲ್ಲಿ ಬರುತ್ತಿದ್ದರು. ಈಗ ಗೂಡು, ವಾಸನೆ ಎರಡೂ ಉಳಿದಿವೆ. ಮೂಗು ಮುಚ್ಚಿಕೊಳ್ಳುವಷ್ಟು ವಾಸನೆ ಕೆಲವು ಕಡೆ. ಒಳ್ಳೆಯದಂತೆ ಅಂತ ಯಾರೂ ಆ ನೀರು ಕುಡಿಯುವುದು ಬೇಡ.

ನಾಯಿಗೆ ಪ್ರವೇಶವೇ ಇಲ್ಲ. ಸೈಕಲ್ಲಿಗೂ ಕುದುರೆಗೂ ಕೆಲವು ದಾರಿ ಮಾತ್ರ. ಹಾಗಾಗಿ ಹೆದರುವ ಸ್ವಭಾವದವರಿಗೆ ಮೂರರಲ್ಲಿ ಇದೇ ನೆಮ್ಮದಿ. ಆದರೆ ಎಚ್ಚರ: ಕಣಿವೆಯ ತಳದಲ್ಲೇ ಇದ್ದರೆ ಮಾತ್ರ ಸುಲಭ. ಮ್ಯಾಪ್‌ನಲ್ಲಿ ನಾರ್ತ್ ರಿಮ್, ಸೌತ್ ರಿಮ್ ಅಂತ ಕಂಡರೆ ಅವು ಮೇಲಕ್ಕೆ ಹತ್ತುವ ದಾರಿಗಳು, ಊರಿನ ನೋಟ ಚೆನ್ನಾಗಿದೆ ಅಂತ ಆಸೆ ಹುಟ್ಟುತ್ತದೆ, ಮಂಡಿ ಗಟ್ಟಿ ಇರುವವರು ಮಾತ್ರ ಹೋಗಲಿ. ಮಳೆ ಆದ ಮೇಲೆ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ತೊರೆಯಲ್ಲಿ ನೀರು, ಗುಡ್ಡದಲ್ಲಿ ಹಸಿರು, ಆಗ ಇದರ ಅಂದವೇ ಬೇರೆ. ಆಗಸ್ಟ್‌ನಲ್ಲಿ ಹೋದರೆ ತೊರೆ ಸೊರಗಿರುತ್ತದೆ. ಊಟಕ್ಕೆ ಮೇಜುಗಳಿವೆ, ಚಿತ್ರಾನ್ನ-ಮೊಸರನ್ನ ಕಟ್ಟಿಕೊಂಡು ಹೋಗುವುದಕ್ಕೆ ಮೂರರಲ್ಲಿ ಇದೇ ನನಗೆ ಇಷ್ಟ.

ಲಾಸ್ ಗ್ಯಾಟೋಸ್ ಕ್ರೀಕ್, ಸ್ಟೀವನ್ಸ್ ಕ್ರೀಕ್, ಕಯೋಟಿ ಕ್ರೀಕ್ ದಾರಿಗಳನ್ನು ಯಾಕೆ ಬಿಟ್ಟೆ ಅಂತ ಕೇಳಬಹುದು. ಅವು ದಿನಾ ವಾಕಿಂಗಿಗೆ ಚೆನ್ನ. ಆದರೆ ಅವೆಲ್ಲ ಉದ್ದಕ್ಕೆ ಹೋಗುವ ದಾರಿಗಳು, ಸುತ್ತು ಅಲ್ಲ, ಸೈಕಲ್‌ಗಳ ವೇಗವೂ ಜಾಸ್ತಿ.

ಮೂರು ಕಡೆಗೂ ಒಂದೇ ಎಚ್ಚರಿಕೆ

ಪಾಯ್ಸನ್ ಓಕ್. ಹೊಳೆ ದಂಡೆ ಅದಕ್ಕೆ ಪ್ರಿಯ. ಒಂದು ತೊಟ್ಟಿಗೆ ಮೂರು ಎಲೆ, ವಸಂತದಲ್ಲಿ ಮಿರಮಿರ ಹಸಿರು, ಬೇಸಿಗೆ ಕೊನೆಗೆ ಕೆಂಪು. ಕೆಂಪೆಲೆ ಚೆಂದ ಇದೆ ಅಂತ ಕಿತ್ತುಕೊಂಡರೆ ಮುಗಿಯಿತು, ಮೈಯೆಲ್ಲ ತುರಿಕೆ, ಗುಳ್ಳೆ. ಚಳಿಗಾಲದಲ್ಲಿ ಎಲೆಯೇ ಇಲ್ಲದ ಕಡ್ಡಿ ಸೋಕಿದರೂ ಅದೇ ಗತಿ. ನಮ್ಮ ಅಮ್ಮಂದಿರಿಗೆ ಗಿಡ ಕಂಡರೆ ಎಲೆ ಮುರಿದು ಮೂಸಿ ನೋಡುವ ಅಭ್ಯಾಸ ಇದೆ, ಎಲ್ಲ ಕಡೆ ಮಾಡಲಿ, ಇಲ್ಲಿ ಮಾತ್ರ ಬೇಡ ಅಂತ ಮೊದಲೇ ಹೇಳಿ. ಸೋಕಿದ ಅನುಮಾನ ಬಂದರೆ ತಡಮಾಡದೆ ಸೋಪು ಹಾಕಿ ತೊಳೆಯಿರಿ, ಬಟ್ಟೆಯನ್ನೂ. ಮಳೆಗಾಲ, ವಸಂತದಲ್ಲಿ ಉಣ್ಣೆ ಹುಳುವಿನ ಕಾಟವೂ ಉಂಟು, ಮನೆಗೆ ಬಂದು ಕಾಲು ಒಮ್ಮೆ ನೋಡಿಕೊಳ್ಳಿ. ಚಪ್ಪಲಿ ಬೇಡ, ಶೂ ಇರಲಿ. ಸೀರೆ ಮೇಲೆ ಶೂ ಹೇಗೆ ಅಂತ ಅಮ್ಮ ಹಿಂಜರಿದರೆ ಇಲ್ಲಿ ಯಾರೂ ನೋಡುವುದಿಲ್ಲ ಅಂತ ಧೈರ್ಯ ಹೇಳಿ.

ಹಾಗಾದರೆ ಯಾವುದು?

ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಬಂದಿದ್ದರೆ ಕಣ್ಣುಮುಚ್ಚಿ ಫೆಲ್ಟನ್. ಒಬ್ಬರಿಗೆ ಗಾಲಿಕುರ್ಚಿಯೋ ಕೋಲೋ ಬೇಕಿದ್ದರೆ ಯಾವ ತಿಂಗಳಾದರೂ ಫೆಲ್ಟನ್‌ನ ಸಣ್ಣ ಸುತ್ತೇ, ಮಳೆ ಬೀಳುತ್ತಿರುವ ದಿನ ಒಂದು ಬಿಟ್ಟು. ನವೆಂಬರ್‌ನಿಂದ ಜನವರಿವರೆಗೆ ಲಿವರ್‌ಮೋರ್, ನಾಯಿ ಭಯ ಇಲ್ಲದಿದ್ದರೆ. ಭಯ ಇದ್ದರೆ ಆಲಂ ರಾಕ್. ಮಾರ್ಚ್, ಏಪ್ರಿಲ್‌ನಲ್ಲಿ ಆಲಂ ರಾಕ್ ಮತ್ತು ಲಿವರ್‌ಮೋರ್ ಎರಡೂ ಸರಿಸಮ, ನಿಮಗೆ ಹತ್ತಿರದ್ದಕ್ಕೆ ಹೋಗಿ. ಮಗ-ಸೊಸೆ ಸೈಕಲ್ ತರಬೇಕು, ಅಜ್ಜ-ಅಜ್ಜಿ ನಡೆಯಬೇಕು ಅನ್ನುವ ಮನೆಯವರಿಗೆ ಲಿವರ್‌ಮೋರ್ ಒಂದೇ ಸರಿಹೋಗುವುದು, ಎಲ್ಲರೂ ಒಂದೇ ದಾರಿಯಲ್ಲಿ ಇರಬಹುದು.

ಒಂದೇ ಒಂದು ವಾರಾಂತ್ಯ ಇದೆ, ಅವರು ಮತ್ತೆ ಯಾವಾಗ ಬರುತ್ತಾರೋ ಗೊತ್ತಿಲ್ಲ ಅನ್ನುವಂತಿದ್ದರೆ ನಾನು ಫೆಲ್ಟನ್ನೇ ಹೇಳುತ್ತೇನೆ. ತೊರೆ, ನೆರಳಿನ ದಾರಿ ಊರಲ್ಲೂ ಇವೆ, ಆ ಮರಗಳು ಇಲ್ಲ. ಜೋರು ಮಳೆ-ಗಾಳಿ ಬಂದು ಹೋದ ವಾರ ಮಾತ್ರ ಹೊರಡುವ ಮುಂಚೆ ಪಾರ್ಕಿನ ವೆಬ್‌ಸೈಟ್ ನೋಡಿ, ಮರ ಬಿದ್ದು ದಾರಿ ಮುಚ್ಚಿರುವುದುಂಟು. ಡಿಸೆಂಬರ್‌ನಲ್ಲಿ ಐದು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಆ ಮರಗಳ ಕೆಳಗೆ ಅದಕ್ಕೂ ಮೊದಲೇ ಕತ್ತಲು. ಮಧ್ಯಾಹ್ನ ಮೂರು ಗಂಟೆಯೊಳಗೆ ನಡಿಗೆ ಮುಗಿಸುವ ಹಾಗೆ ಹೊರಡಿ.